ಮೋಡೆಮ್ಮಿನ ಬಾಯಿ ಕಟ್ಟಿದ ಯುನಿಕ್ಸ್

ಕಡಲತಡಿಯ ಹವಾಮಾನ ಕಚೇರಿಯೊಂದರಲ್ಲಿ ಯುನಿಕ್ಸ್ ಕಂಪ್ಯೂಟರೊಂದಿತ್ತು. ಅದು ಬರೆದ ಮುನ್ಸೂಚನೆಯನ್ನು ಫೋನಿನ ತಂತಿಯ ಮೂಲಕ ಬಂದರಿಗೆ ತಲುಪಿಸುವುದು ಮೋಡೆಮ್ಮಿನ ಕೆಲಸ. ಮೋಡೆಮ್ ಪ್ರತಿ ಸಲವೂ ವರದಿ ಒಪ್ಪಿಸುತ್ತಿತ್ತು: "ಒಡೆಯಾ, ಲೈನಿಗೆ ಬಿಡುವಿಲ್ಲ." "ಒಡೆಯಾ, ಸಂಪರ್ಕ ನಡುವೆಯೇ ಕಡಿದುಹೋಯಿತು."

ಕಂಪ್ಯೂಟರಿಗೆ ಬೇಸರ ಬಂತು. "ನಿನ್ನ ಗೋಳು ಕೇಳಲು ನನಗೆ ಪುರುಸೊತ್ತಿಲ್ಲ. ಕೊಟ್ಟದ್ದನ್ನು ಕಳಿಸು, ಬಾಯಿ ಮುಚ್ಚಿಕೊಂಡಿರು" ಎಂದು ಆಜ್ಞಾಪಿಸಿತು.

"ಕಳಿಸಲು ಆಗದಿದ್ದರೆ?"

"ಆಗಲೂ ಅಷ್ಟೇ."

ಮೋಡೆಮ್ ಸುಮ್ಮನಾಯಿತು. ಆ ಮೌನವನ್ನೇ ಕಂಪ್ಯೂಟರ್ ಕ್ಷೇಮವೆಂದು ತಿಳಿಯಿತು. ಸೋಮವಾರ ರಸ್ತೆ ಅಗೆಯುವವರ ಗುದ್ದಲಿಗೆ ತಂತಿ ತುಂಡಾಯಿತು. ಮಂಗಳವಾರ ಬಿರುಗಾಳಿಯ ಸುದ್ದಿ ಹಿಡಿದು ಮೋಡೆಮ್ ನಲವತ್ತು ಸಲ ಕರೆ ಮಾಡಿ ನಲವತ್ತು ಸಲವೂ ಸೋತಿತು, ಆದರೂ ತುಟಿ ಬಿಚ್ಚಲಿಲ್ಲ. ಕಂಪ್ಯೂಟರ್ "ತಲುಪಿದೆ" ಎಂದು ಬರೆದುಕೊಂಡಿತು.

ಮುನ್ಸೂಚನೆ ಬರುತ್ತಿಲ್ಲವೆಂಬ ಬಂದರಿನವರ ದೂರಿನ ಮೇಲೆ ಗುರುವಾರ ಇಂಜಿನಿಯರ್ ಗುಲಾಬಿ ಮೆಂಡನ್ ಬಂದು ಮೋಡೆಮ್ಮಿನ ಬಾಯಿ ಬಿಡಿಸಿದಳು. "ಡಯಲ್ ಟೋನ್ ಇಲ್ಲ" ಎಂದು ಅದು ಮೊದಲ ಉಸಿರಿಗೇ ಹೇಳಿತು. ಅವಳು ತುಂಡಾದ ತಂತಿಯನ್ನು ಬೆಸೆಯಿಸಿದಳು. ಸುದ್ದಿ ಕೂಡಲೇ ಹೋಯಿತು.

"ಉತ್ತರ ಬಂತೇ?" ಎಂದು ಕಂಪ್ಯೂಟರ್ ಕೇಳಿತು.

"ಬಂತು ಒಡೆಯಾ. ಏಳು ದೋಣಿಗಳು ಮಂಗಳವಾರವೇ ಕಡಲಿಗಿಳಿದವಂತೆ. ಒಂದೂ ಮರಳಿಲ್ಲವಂತೆ."