ವೂಕ್ ಎಂಬ ಹೆಸರು

“ಕೇಳಿರಪ್ಪೋ ಕೇಳಿ! ದೊರೆ ದ್ರಾಗೊಮಿರನ ಅಪ್ಪಣೆ! ರಾಜಕುಮಾರಿ ಯಾಸ್ನಾ ಮೂರು ಒಗಟು ಒಡ್ಡುತ್ತಾಳೆ. ಒಂದನ್ನು ಬಿಡಿಸಿದವನಿಗೇ ಇನ್ನೊಂದು. ಮೂರನ್ನೂ ಬಿಡಿಸಿದವನು ಅವಳ ಕೈಹಿಡಿದು ಅರ್ಧ ರಾಜ್ಯ ಆಳಬಹುದು. ತಪ್ಪಿದವನ ತಲೆ ಮೂರನೆಯ ದಿನ ಸಂಜೆಗೆ ಉರುಳುತ್ತದೆ!”

ಸ್ಲಾವ್ ಜನರ ಆ ಬೆಟ್ಟದ ನಾಡಿನಲ್ಲಿ ಡಂಗುರ ಕೇಳದ ಹಳ್ಳಿ ಉಳಿಯಲಿಲ್ಲ. ಜೇನು ಮಾರಲು ರಾಜಧಾನಿಗೆ ಬಂದಿದ್ದ ವೂಕ್ ಮತ್ತು ಸ್ತೋಯಾನರೂ ಕೇಳಿಸಿಕೊಂಡರು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಹೆತ್ತ ಗಳಿಗೆಯಲ್ಲೇ ಸ್ತೋಯಾನನ ತಾಯಿ ತೀರಿಕೊಂಡಾಗ, ಹಸುಗೂಸನ್ನು ಎದೆಗೆ ಹಾಕಿಕೊಂಡು ಸಾಕಿದವಳು ವೂಕನ ಅವ್ವ. ವೂಕ್ ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದ. ಹೊಲ ಮನೆ ಇಲ್ಲದ ಆ ಬಡಜೀವಕ್ಕೆ ಇದ್ದ ಆಸ್ತಿಯೆಂದರೆ ಅವ್ವ ಮತ್ತು ಈ ಅಣ್ಣ.

ಅರಮನೆಯ ಅಂಗಳದಲ್ಲಿ ಜನ ಸೇರಿದ್ದರು. ಇವರೂ ನಿಂತು ನೋಡಿದರು. ಮೊದಲು ಬಂದವನು ಕಡಲತೀರದ ಸಾಮಂತನ ಮಗ.

ರಾಜಕುಮಾರಿ ಕೇಳಿದಳು: “ಹೊತ್ತವನಿಗೆ ಅದರ ಭಾರವಿಲ್ಲ. ಅವನಿಗಿಂತ ಬೇರೆಯವರೇ ಅದನ್ನು ಹೆಚ್ಚು ಬಳಸುತ್ತಾರೆ. ಅವನನ್ನು ಹೂಳಿದರೂ ಅದನ್ನು ಹೂಳುವುದಿಲ್ಲ. ಏನದು?”

“ಮರದ ನೆರಳು!” ಎಂದ ಸಾಮಂತನ ಮಗ.

“ಮರ ಬಿದ್ದ ಮೇಲೆ ನೆರಳೆಲ್ಲಿ ಉಳಿಯುತ್ತದೆ?” ಎಂದಳು ಅವಳು. ಭಟರು ಅವನನ್ನು ಎಳೆದುಕೊಂಡು ಹೋದರು.

ಮುಂದಿನವನು ದಂಡನಾಯಕ. “ಹೆಸರು” ಎಂದು ಥಟ್ಟನೆ ಹೇಳಿ ಮೀಸೆ ತಿರುವಿದ. ಎರಡನೆಯದು ಬಂತು: “ಕಾಡಿನಂಚಿನಲ್ಲಿ ಕಂಡರೆ ಕೊಡಲಿ ಎತ್ತುತ್ತಾರೆ. ತೊಟ್ಟಿಲಲ್ಲಿ ಕಂಡರೆ ಎತ್ತಿ ಮುದ್ದಾಡುತ್ತಾರೆ. ಏನದು?” ಅವನು ತಡಬಡಿಸಿ, “ಮರ. ತೊಟ್ಟಿಲು ಮರದ್ದೇ ತಾನೆ?” ಎಂದ. “ಮುದ್ದಾಡುವುದು ಕೂಸನ್ನೋ ಹಲಗೆಯನ್ನೋ?” ಎಂದಳು ಯಾಸ್ನಾ. ದಂಡನಾಯಕನೂ ಸೆರೆಮನೆ ಸೇರಿದ.

ವೂಕನಿಗೆ ಉತ್ತರ ಹೊಳೆಯಿತು. ಸ್ತೋಯಾನನನ್ನು ಬಾವಿಕಟ್ಟೆಗೆ ಕರೆದೊಯ್ದು ಪಿಸುಗುಟ್ಟಿದ: “ಅಣ್ಣಾ, ಎರಡನೆಯದು ನಾನೇ! ನಮ್ಮ ಮಾತಿನಲ್ಲಿ ವೂಕ್ ಅಂದರೆ ತೋಳ ಅಲ್ವಾ? ನಾಳೆ ನಾನು ಹೋಗ್ತೀನಿ. ಮೂರನೆಯದು ಏನೋ ಎಂತೋ. ಸತ್ತರೆ ಅವ್ವನನ್ನು ನೀನು ನೋಡ್ಕೋ.”

“ನಮ್ಮವ್ವನನ್ನು ನಾನಲ್ಲದೆ ಇನ್ಯಾರು ನೋಡ್ತಾರೋ ತಮ್ಮಾ” ಎಂದು ಸ್ತೋಯಾನ್ ಅವನ ಬೆನ್ನು ಸವರಿದ.

ಬೆಳಗ್ಗೆ ಎದ್ದರೆ ಸ್ತೋಯಾನ್ ಇರಲಿಲ್ಲ. ವೂಕ್ ಸಭೆಗೆಂದು ಒಗೆದು ಒಣಹಾಕಿದ್ದ ಅಂಗಿಯೂ ಇರಲಿಲ್ಲ. ಅಣ್ಣನಿಗೆ ಏನಾಯಿತೋ ಎಂದು ಗಾಬರಿಯಿಂದ ಅವನು ಅರಮನೆಗೆ ಓಡಿದ.

“ನಾನು ವೂಕ್, ಜೇನು ಮಾರುವವನು” ಎಂದ ದ್ವಾರಪಾಲಕನಿಗೆ.

“ಜೇನು ಮಾರುವ ವೂಕ್ ಆಗಲೇ ಒಳಗೆ ಹೋದನಲ್ಲ! ಈ ನಾಡಿನಲ್ಲಿ ಕಲ್ಲೆಸೆದರೆ ಒಬ್ಬ ವೂಕನಿಗೆ ತಾಗುತ್ತದೆ. ನೀನ್ಯಾವನೋ? ಆಚೆ ನಿಲ್ಲು.”

ತೆರೆದ ಬಾಗಿಲಿನಿಂದ ಕಂಡಿತು. ತನ್ನ ಅಂಗಿ ತೊಟ್ಟು, ತನ್ನ ಹೆಸರು ಹೇಳಿಕೊಂಡು ಸ್ತೋಯಾನ್ ನಿಂತಿದ್ದ. ಮೊದಲೆರಡು ಒಗಟನ್ನು ಬಿಡಿಸಿ ಮುಗಿಸಿದ್ದ. “ತೋಳ ಅಂದರೆ ವೂಕ್, ವೂಕ್ ಅಂದರೆ ನಾನೇ” ಎಂದು ನಗುತ್ತಿದ್ದ.

“ಅಣ್ಣಾ!” ವೂಕನ ಕೂಗು ಅವನಿಗೇ ಗೊತ್ತಿಲ್ಲದೆ ಹೊರಬಂತು.

“ಯಾರವನು?” ದೊರೆ ಕೇಳಿದ.

ಸ್ತೋಯಾನ್ ತಿರುಗಿ ನೋಡಿದ. ಕಣ್ಣಿಗೆ ಕಣ್ಣು ಕೂಡಿತು. “ಯಾರೋ ಹುಚ್ಚ, ಪ್ರಭು.”

ವೂಕನಿಗೆ ಕಾಲಡಿಯ ನೆಲವೇ ಕುಸಿದಂತಾಯಿತು. ಅಂಗಿ ಹೋಗಲಿ, ರಾಜ್ಯ ಹೋಗಲಿ. ಹುಚ್ಚ ಎಂದನಲ್ಲ, ಅದೂ ಕಣ್ಣಲ್ಲಿ ಕಣ್ಣಿಟ್ಟು!

ರಾಜಕುಮಾರಿ ಮೂರನೆಯದನ್ನು ಕೇಳಿದಳು: “ತಾಯಿಯೊಬ್ಬಳು ತನ್ನ ಕೂಸನ್ನು ಕೂಸೇ ಅಲ್ಲವೆಂದು ಊರಿಗೆಲ್ಲ ಸುಳ್ಳು ಸಾರಿದಳು. ಆ ಸುಳ್ಳಿನಿಂದ ಕೂಸು ಬದುಕಿತು. ಇಂದು ಆ ಸುಳ್ಳು ಮನೆಮನೆಯಲ್ಲಿದೆ. ಯಾವ ಸುಳ್ಳು? ಯಾಕೆ ಹೇಳಿದಳು?”

ಸ್ತೋಯಾನನ ನಗೆ ಅಡಗಿತು. “ಮಗ... ಮಗ ತೋಳದಂತೆ ಧೀರನಾಗಲಿ ಅಂತ ಹೊಗಳಿ ಹೇಳಿದಳು.”

“ವೂಕ್ ಎಂಬ ಹೆಸರಿನವನು ಹೀಗೆ ಹೇಳಲಾರ” ಎಂದಳು ಯಾಸ್ನಾ. “ಕಟ್ಟಿರಿ ಇವನನ್ನು. ಇವನನ್ನು ಅಣ್ಣಾ ಎಂದು ಕೂಗಿದ ಆ ಹುಚ್ಚನನ್ನು ಒಳಗೆ ಬಿಡಿ.”

ವೂಕ್ ಹರಕು ಅಂಗಿಯಲ್ಲೇ ಬಂದು ನಿಂತ. ಮೊದಲೆರಡು ಉತ್ತರ ಹೇಳಿದ. ಮೂರನೆಯದಕ್ಕೆ ನೇರ ಯಾಸ್ನಾಳನ್ನು ನೋಡಿ ಹೇಳಿದ:

“ಹಸುಗೂಸುಗಳನ್ನು ತಿನ್ನುವ ಮಾಟಗಾತಿ ಇದ್ದಾಳೆಂದು ನಮ್ಮ ಜನ ನಂಬುತ್ತಾರೆ. ಅವಳು ಹೆದರುವುದು ತೋಳಕ್ಕೆ ಮಾತ್ರ. ಅದಕ್ಕೇ, ಹುಟ್ಟಿದ ಮಕ್ಕಳೆಲ್ಲ ಸತ್ತ ತಾಯಿ ಬಾಗಿಲಲ್ಲಿ ನಿಂತು ‘ನಾನು ಹೆತ್ತದ್ದು ಕೂಸಲ್ಲ, ತೋಳದ ಮರಿ’ ಎಂದು ಕೂಗುತ್ತಾಳೆ. ಮಗನಿಗೆ ವೂಕ್ ಎಂದೇ ಹೆಸರಿಡುತ್ತಾಳೆ. ಒಂದು ಮನೆಯಲ್ಲಿ ಕೂಸು ಉಳಿದರೆ ಪಕ್ಕದ ಮನೆಯವಳೂ ಅದೇ ಹೆಸರಿಡುತ್ತಾಳೆ. ಬರಿದಾದ ತೊಟ್ಟಿಲು ಯಾವ ಊರಲ್ಲಿಲ್ಲ? ಅದಕ್ಕೇ ಊರ ತುಂಬ ವೂಕರು. ಅದು ಧೈರ್ಯದ ಹೆಸರಲ್ಲ, ಹೆದರಿದ ತಾಯಿಯ ಹೆಸರು.” ಅವನು ಸ್ತೋಯಾನನ ಕಡೆ ತಿರುಗಿದ. “ನಮ್ಮವ್ವ ನನಗಿಂತ ಮುಂಚೆ ಹೆತ್ತ ಕೂಸುಗಳೆಲ್ಲ ಮಣ್ಣಾದವು. ಅವಕ್ಕಿದ್ದ ಹಾಲನ್ನೇ ನಿನಗೆ ಕುಡಿಸಿದಳು. ನಿನಗೂ ಇದು ಗೊತ್ತಾಗಬೇಕಿತ್ತು.”

ಯಾಸ್ನಾ ಎದ್ದು ಬಂದಳು. “ನನ್ನ ತಮ್ಮ ಹುಟ್ಟಿದಾಗ ಸೂಲಗಿತ್ತಿ ಇದೇ ಹೆಸರಿಡಲು ಬೇಡಿಕೊಂಡಳು. ಅರಸುಮಗನಿಗೆ ಮೃಗದ ಹೆಸರೇ ಎಂದು ಇವರೆಲ್ಲ ನಕ್ಕರು. ಅವನು ಉಳಿಯಲಿಲ್ಲ. ಆ ಹೆಸರಿನ ನೋವು ಬಲ್ಲವನೇ ನನಗೆ ಬೇಕಿತ್ತು.”

ದೊರೆ ತಲೆ ತಗ್ಗಿಸಿ ಮಗಳ ಕೈಯನ್ನು ವೂಕನ ಕೈಯಲ್ಲಿಟ್ಟ. ಅರ್ಧ ರಾಜ್ಯವೂ ಅವನದಾಯಿತು. ಇನ್ನೇನು ಬೇಕೆಂದು ಕೇಳಿದಾಗ ವೂಕ್, “ಸೋತವರ ತಲೆ ಉಳಿಸಿ, ಪ್ರಭು” ಎಂದ.

ಕಟ್ಟು ಬಿಚ್ಚಿದೊಡನೆ ಸ್ತೋಯಾನ್ ಕಾಲಿಗೆ ಬಿದ್ದ. “ತಪ್ಪಾಯ್ತು ತಮ್ಮಾ, ಮನೆಗೆ ಹೋಗೋಣ.”

“ನಿನ್ನ ಜೀವ ಬೇಡಿದ್ದು ಅವ್ವನಿಗೋಸ್ಕರ. ನೀನು ಹೋಗು” ಎಂದ ವೂಕ್. ಮತ್ತೆ ಅಣ್ಣ ಎನ್ನಲಿಲ್ಲ.

ಮದುವೆ ವೈಭವದಿಂದ ನಡೆಯಿತು. ಅವ್ವ ಅರಮನೆಗೆ ಬಂದಳು, ನಾಡು ಹರಸಿತು. ಆದರೂ ಒಳ್ಳೆಯ ಸುದ್ದಿ ಬಂದಾಗಲೆಲ್ಲ ವೂಕ್ ಯಾರಿಗೋ ಹೇಳಲೆಂದು ದಡಬಡನೆ ಏಳುತ್ತಿದ್ದ. ಯಾರಿಗೆಂದು ನೆನಪಾದೊಡನೆ ಮತ್ತೆ ಕೂರುತ್ತಿದ್ದ.