ಇಲ್ಲದ ನಾಯಿಯನ್ನು ದಾಟಿದವರು

ಹಾಲುದುರ್ಗದ ದೊರೆ ರಾಯಪ್ಪನಾಯಕ ಸಭೆಯ ಬಾಗಿಲು ದಾಟುವಾಗ ಬಲಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಇಡುತ್ತಿದ್ದ. ಅವನು ಪಟ್ಟಕ್ಕೆ ಬಂದ ಹೊಸದರಲ್ಲಿ ಅಲ್ಲೊಂದು ಮುದಿನಾಯಿ ಮಲಗಿರುತ್ತಿತ್ತು. ನಾಯಿ ಸತ್ತು ಎಷ್ಟೋ ವರ್ಷವಾದರೂ ಕಾಲಿಗೆ ಆ ಸುದ್ದಿ ಮುಟ್ಟಿರಲಿಲ್ಲ. ದೊರೆ ಎತ್ತಿದರೆ ಮಂತ್ರಿ ಎತ್ತುತ್ತಿದ್ದ, ಮಂತ್ರಿ ಎತ್ತಿದರೆ ಸೇನಾಪತಿ. ಕೊನೆಗೆ ಬರುವ ವಿದೂಷಕ ಪುಟ್ಟಸೋಮನೂ, ಯಾಕೆ ರಗಳೆ ಎಂದು, ಎತ್ತುತ್ತಿದ್ದ.

ಇಂಥ ದೊರೆಗೆ ಕುರಿ ಸಾಕಣೆ ಕಲಿಸುವ ಹುಚ್ಚು ಹಿಡಿಯಿತು. ಒಂದು ದಿನವೂ ಕುರಿ ಮುಟ್ಟಿದವನಲ್ಲ. ಕುರಿಗಾಹಿಗಳನ್ನೆಲ್ಲ ಅಂಗಳದಲ್ಲಿ ಕೂರಿಸಿ ವಾರಗಟ್ಟಲೆ ಪಾಠ ಹೇಳಿ, ಕೊನೆಯ ದಿನ ಸಾರಿದ:

“ಒಂದರ ಹಿಂದೆ ಒಂದು ಹೋಗುವುದೇ ಕುರಿಗಳಿಗೆ ಅಂಟಿದ ರೋಗ! ನನ್ನ ಪಾಠ ಕೇಳಿದವರ ಕುರಿ ಸ್ವಂತ ಬುದ್ಧಿಯಿಂದ ನಡೆಯಬೇಕು. ನಾಳೆ ಪರೀಕ್ಷೆ. ಮೊದಲು ಮಾಳವ್ವನ ಮಂದೆ. ಸೋತರೆ ಅಷ್ಟೂ ಅರಮನೆಯ ಅಡುಗೆಮನೆಗೆ!”

ಮಾಳವ್ವ ಪುಟ್ಟಸೋಮನ ಬಳಿ ಓಡಿದಳು. “ಸ್ವಾಮಿ, ಕುರಿಗೆ ಸ್ವಂತ ಬುದ್ಧಿ ಬಂದ್ರೆ ಅದು ನನ್ನ ಮಾತು ಯಾಕೆ ಕೇಳ್ತದೆ? ಮಂದೆ ಹೋದ್ರೆ ನಾನೇನು ಗಾಳಿ ಮೇಯಿಸ್ಲಾ?”

“ಸುಮ್ಮನೆ ಹೊಡ್ಕೊಂಡು ಬಾ, ಮಾಳವ್ವ. ನಿನ್ನ ಕೋಲು ಮಾತ್ರ ಇಲ್ಲಿ ಕೊಡು.”

ಮರುದಿನ ಮಂದೆ ಸಭೆಯ ಬಾಗಿಲಿಗೆ ಬಂತು. ಪುಟ್ಟಸೋಮ ಕೋಲನ್ನು ಅಡ್ಡ ಹಿಡಿದ. ಮುಂದಿದ್ದ ಟಗರು ಹಾರಿ ಒಳಗೆ ಬಂತು. ತಕ್ಷಣ ಅವನು ಕೋಲು ತೆಗೆದುಬಿಟ್ಟ. ಆದರೂ ಹಿಂದಿನ ಕುರಿ ಹಾರಿತು, ಅದರ ಹಿಂದಿನದೂ ಹಾರಿತು, ನಿನ್ನೆ ಮೊನ್ನೆ ಹುಟ್ಟಿದ ಮರಿಯೂ ಹಾರಿತು.

“ಅಯ್ಯೋ, ನನ್ನ ಮನೆ ತೊಳೆದ್ರಲ್ಲ ಸ್ವಾಮಿ!” ಮಾಳವ್ವ ತಲೆ ಚಚ್ಚಿಕೊಂಡಳು.

“ಅಲ್ಲೇನಿದೆ ಅಂತ ಹಾರಿದವು?” ದೊರೆ ಗುಡುಗಿದ.

“ಹಾಗಾದರೆ ಇಲ್ಲದ್ದನ್ನು ದಾಟಿದವರೆಲ್ಲ ಅಡುಗೆಮನೆಗೆ, ಅಲ್ಲವೇ ಪ್ರಭು?” ಪುಟ್ಟಸೋಮ ಕೇಳಿದ.

“ಎಲ್ಲರೂ! ಒಬ್ಬರನ್ನೂ ಬಿಡಬೇಡ!”

“ಹೊರಗೆ ಜನ ಕಾದಿದ್ದಾರೆ. ತಾವೇ ಸಾರಿಬಿಡಿ.”

ದೊರೆ ಸರಸರನೆ ಹೊರಟ. ಬಾಗಿಲಲ್ಲಿ ಬಲಗಾಲೆತ್ತಿದ. ಮಂತ್ರಿ ಎತ್ತಿದ. ಸೇನಾಪತಿ ಎತ್ತಿದ.

ಪುಟ್ಟಸೋಮ ತನಗರಿವಿಲ್ಲದೆ ಎದ್ದಿದ್ದ ತನ್ನ ಕಾಲನ್ನು ಮೆಲ್ಲಗೆ ಇಳಿಸಿ ಹೇಳಿದ: “ಅಡುಗೆಮನೆ ಎಡಗಡೆಗೆ, ಪ್ರಭು. ನಡೆಯಿರಿ, ನಾನೂ ಬಂದೆ.”

ದೊರೆ ಹಿಂದಿರುಗಿ ನೋಡಿದ. ಸಾಲಾಗಿ ಕಾಲೆತ್ತಿ ನಿಂತಿದ್ದ ದರ್ಬಾರನ್ನು ಕಂಡು ಹೊಟ್ಟೆ ಹಿಡಿದು ನಕ್ಕ. ಮಂತ್ರಿ ನಕ್ಕ. ಸೇನಾಪತಿ ನಕ್ಕ.

“ನಿನ್ನ ಮಂದೆ ನಿನಗೇ, ಮಾಳವ್ವ! ಇನ್ನೇನು ಬೇಕು, ಕೇಳು.”

ಮಾಳವ್ವ ಕೋಲು ವಾಪಸು ಇಸಿದುಕೊಂಡು ದರ್ಬಾರನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು.

“ದೊರೆಗಳೇ, ಇವರನ್ನೂ ನಾಕು ದಿನ ನನ್ನ ಜೊತೆ ಮೇಯೋಕೆ ಬಿಡ್ತೀರಾ?”

ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ಸೇನಾಪತಿಯ ಮುಖ ನೋಡಿದ.