ಬೀಟೆ ಮೇಜಿನ ತೇಪೆ

ಮಾಘ ಶುದ್ಧ ದಶಮಿ, ಬುಧವಾರ. ಬೆಳಿಗ್ಗೆ ಚಳಿಯಿತ್ತು, ಮೋಡವಿರಲಿಲ್ಲ.

ಹಿಂದಿನ ದಿನ ಮಠದ ಚರ್ಚಾಸಭೆಯಲ್ಲಿ ಗೆದ್ದಿದ್ದ ಶಿಷ್ಯ ನಿರ್ವಾಣಯ್ಯ ಗುರುಗಳ ಬಳಿ ಬಂದು ಕುಳಿತ.

"ಬುದ್ಧಿ, ನನ್ನನ್ನು ಗೆಲ್ಲಿಸಿದ ವಾದ ನನ್ನದಲ್ಲ. ಜೊತೆಯವನೊಬ್ಬ ಹೇಳಿಕೊಟ್ಟದ್ದು. ಅವನಿಗೂ ನನಗೂ ಅಷ್ಟಕ್ಕಷ್ಟೆ. ಆದರೂ ಕೇಳಿದಾಗ ಹೇಳಿದ. ಅವನಿಗೆ ಏನು ಕೊಡಲಿ?"

ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಬಳಿ ಅಜ್ಜನ ಕಾಲದ ಮೇಜಿತ್ತು. ಒಳಗೆ ಸಾಧಾರಣ ಮರ. ಮೇಲೆ ಬೀಟೆಯ ತೆಳುವಾದ ಪದರ. ಯಾರೋ ಅದರ ಮೇಲೆ ಬಿಸಿ ಪಾತ್ರೆ ಇಟ್ಟರು. ಪದರ ಉಬ್ಬಿ, ಸೀಳಿ, ಅಂಗೈಯಷ್ಟು ಎದ್ದುಹೋಯಿತು. ತೇಪೆ ಕಾಣದಂತೆ ಸರಿಮಾಡಿದವನಿಗೆ, ತಾನು ಕಟ್ಟಿಸುತ್ತಿರುವ ಛತ್ರದ ಮರಗೆಲಸವನ್ನೆಲ್ಲ ಕೊಡುತ್ತೇನೆ ಎಂದು ವ್ಯಾಪಾರಿ ಸಾರಿದ.

ಊರಿನಲ್ಲಿ ಇಬ್ಬರು ಬಡಗಿಗಳು. ಎದುರುಬದುರು ಅಂಗಡಿ; ಮಾತುಕತೆ ಇಲ್ಲ. ಮೊದಲನೆಯವನು ಕೆಲಸ ಹಿಡಿದ. ಹೊಸ ಬೀಟೆ ಇಟ್ಟು ನೋಡಿದ. ವರ್ಷಗಳ ಬೆಳಕಿಗೆ ಮೇಜಿನ ಬಣ್ಣ ತಿಳಿಯಾಗಿತ್ತು. ಹೊಸದು ಕಪ್ಪಗೆ ಎದ್ದು ಕಂಡಿತು. ಅಷ್ಟೇ ಹಳೆಯ ಬೀಟೆ ಬೇಕಿತ್ತು. ಅದು ಇದ್ದದ್ದು ಎದುರಿನವನ ಅಟ್ಟದಲ್ಲಿ, ಮುರಿದ ಪೆಟ್ಟಿಗೆಯೊಂದರ ಮುಚ್ಚಳದಲ್ಲಿ.

ಅವನು ಬೀದಿ ದಾಟಿದ.

"ಏನಯ್ಯಾ, ದಾರಿ ತಪ್ಪಿತೇ?" ಎಂದ ಎದುರಿನವನು.

"ತಪ್ಪಿಲ್ಲ. ನಿನ್ನ ಪೆಟ್ಟಿಗೆಯ ಮುಚ್ಚಳ ಬೇಕು. ಬೆಲೆ ಹೇಳು."

"ಛತ್ರ ನಿನಗೆ, ಮರ ನನ್ನದು! ಚೆನ್ನಾಗಿದೆ ನಿನ್ನ ಲೆಕ್ಕ." ಹಾಗೆಂದವನೇ ಅಟ್ಟ ಹತ್ತಿ ಮುಚ್ಚಳ ಇಳಿಸಿದ. "ಒಯ್ಯಿ. ಇಂಥ ಮರ ಧೂಳು ಕುಡಿಯುತ್ತ ಬಿದ್ದಿರಬಾರದು. ಬೆಲೆ ನೀನೇ ಯೋಚಿಸು."

ಮೊದಲನೆಯವನು ತೇಪೆಯನ್ನು ಚೌಕವಾಗಿ ಕತ್ತರಿಸಲಿಲ್ಲ. ಮರದ ಎಳೆ ಸಾಗಿದ ಕಡೆಗೇ ಉಳಿ ನಡೆಸಿದ. ಅಂಟು ಕಾಯಿಸಿ ಕೂರಿಸಿದ, ಮೇಲೆ ಕಲ್ಲು ಹೇರಿದ, ಒಣಗಿದ ಮೇಲೆ ಉಜ್ಜಿದ.

ನೋಡಲು ಊರೇ ನೆರೆಯಿತು. ವ್ಯಾಪಾರಿ ಕನ್ನಡಕ ಏರಿಸಿ ಹುಡುಕಿದ, ತೇಪೆ ಸಿಗಲಿಲ್ಲ. "ನೀನು ನೋಡಪ್ಪ" ಎಂದು ಎದುರಿನ ಬಡಗಿಯನ್ನು ಕರೆದ. ತನ್ನ ಮರವನ್ನು ಅವನು ಗುರುತಿಸದೆ ಇರುತ್ತಾನೆಯೇ? ಮೇಜಿನ ಮೇಲೆ ಕೈಯಾಡಿಸಿದ. ಒಂದು ಕಡೆ ಬೆರಳು ತಡೆದು ನಿಂತಿತು.

"ನನಗೂ ಸಿಗಲಿಲ್ಲ" ಎಂದ.

ವ್ಯಾಪಾರಿ ಛತ್ರದ ಕೆಲಸಕ್ಕೆ ಅಲ್ಲಿಯೇ ವೀಳ್ಯ ಕೊಟ್ಟ. ಜನ ಕೇಕೆ ಹಾಕಿ ಮೊದಲನೆಯವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ನಿರ್ವಾಣಯ್ಯನ ಮುಖ ಅರಳಿತು. "ಮುಚ್ಚಳಕ್ಕೆ ಅವನು ಕೊನೆಗೆ ಏನು ಕೊಟ್ಟ, ಬುದ್ಧಿ?"

"ಹೆಗಲಿನಿಂದ ಇಳಿದು ಬಂದು, ಸೀಮೆಸುಣ್ಣದಿಂದ ತೇಪೆಯ ಸುತ್ತ ಗೆರೆ ಎಳೆದು, 'ಇಷ್ಟು ಇವನದು' ಎಂದು ಊರಿಗೆಲ್ಲ ತೋರಿಸಿದ."